ಸೊಸೆ ತಂದ ಮೆಷಿನ್ನು, ನನ್ನ ಸಂಡಿಗೆ

ಶಿವರಾತ್ರಿ ಕಳೆಯಿತು ಅಂದರೆ ನನ್ನ ಕಣ್ಣು ತಾನಾಗಿಯೇ ಟೆರೇಸಿನ ಕಡೆ ಹೋಗುತ್ತದೆ. ಚಳಿ ಶಿವ ಶಿವ ಅಂತ ಓಡಿಹೋದ ಮೇಲೆ ಬೆಂಗಳೂರಿನಲ್ಲಿ ನಂಬಬಹುದಾದ ಬಿಸಿಲು ಸಿಗುವುದು ಕೆಲವೇ ವಾರ. ಮಾರ್ಚಿನಲ್ಲಿ ಗಾಳಿಯೂ ಒಣಗಿರುತ್ತದೆ. ಯುಗಾದಿ ದಾಟಿ ಏಪ್ರಿಲ್ ಬಂತೋ, ಮಧ್ಯಾಹ್ನ ತಲೆ ಸುಡುವ ಬಿಸಿಲು, ಸಂಜೆ ನಾಲ್ಕಕ್ಕೆ ಕಪ್ಪು ಮೋಡ, ಆಮೇಲೆ ಆಲಿಕಲ್ಲು ಸಮೇತ ಮಳೆ. ಅರ್ಧ ಒಣಗಿದ ಸಂಡಿಗೆ ಒಮ್ಮೆ ನೆನೆಯಿತು ಅಂದರೆ ಮುಗಿಯಿತು. ಮತ್ತೆ ಎಷ್ಟು ಒಣಗಿಸಿದರೂ ಹುಳಿ ವಾಸನೆ ಬಂದೇ ಬರುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲ ಯುಗಾದಿಯ ಒಳಗೆ. ಉಪ್ಪಿನಕಾಯಿ, ತೊಕ್ಕು ಆಮೇಲೆ.

ಈ ನಾಲ್ಕೈದು ವರ್ಷದಲ್ಲಿ ನನ್ನ ಸೊಸೆ ಅಡುಗೆಮನೆಗೆ ಒಂದೊಂದೇ ಮೆಷಿನ್ನು ತಂದು ಸೇರಿಸಿದ್ದಾಳೆ. ಡಿಜಿಟಲ್ ತಕ್ಕಡಿ, ದಾರ ಎಳೆಯುವ ಚಾಪರ್, ಬಿಸಿಗಾಳಿಯಲ್ಲಿ ಕರಿಯುವ ಏರ್ ಫ್ರೈಯರ್, ಕಳೆದ ವರ್ಷ ಬಿಸಿಲಿನ ಬದಲು ಬೆಚ್ಚನೆಯ ಗಾಳಿಯಲ್ಲಿ ಒಣಗಿಸುವ ಡೀಹೈಡ್ರೇಟರ್. ಸುಳ್ಳು ಯಾಕೆ ಹೇಳಲಿ, ಮೊದಲು ನಾನು ಮುಖ ಸಿಂಡರಿಸಿದ್ದೆ. ಈಗ ಕೆಲವು ಇಲ್ಲದೆ ನನಗೇ ಕೈ ಓಡುವುದಿಲ್ಲ. ಕೆಲವನ್ನು ಅಟ್ಟಕ್ಕೆ ಹಾಕಿಸಿದ್ದೇನೆ. ನನ್ನ ಪರೀಕ್ಷೆ ಒಂದೇ. ವರ್ಷವಿಡೀ ಇಡುವ ಪದಾರ್ಥಕ್ಕೆ ನೀರೇ ಶತ್ರು. ಈ ಮೆಷಿನ್ನು ನೀರನ್ನು ತೆಗೆಯುತ್ತದಾ, ಇಲ್ಲ ಪದಾರ್ಥವೇ ನೀರು ಬಿಡುವ ಹಾಗೆ ಮಾಡುತ್ತದಾ? ಇಷ್ಟು ಕೇಳಿಕೊಂಡರೆ ದುಡ್ಡು ಹಾಕಬೇಕೋ ಬೇಡವೋ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಕಡಿಮೆ ದುಡ್ಡಿನದು, ಎಲ್ಲಕ್ಕಿಂತ ಜಾಸ್ತಿ ಉಪಯೋಗದ್ದು ಆ ತಕ್ಕಡಿ. ನಮ್ಮತ್ತೆ ಉಪ್ಪಿನಕಾಯಿಗೆ ಐದು ಪಾವು ಮಾವಿನಕಾಯಿ ಹೋಳುಗಳಿಗೆ ಒಂದು ಪಾವು ಉಪ್ಪು ಅಳೆಯುತ್ತಿದ್ದರು. ಅವರ ಕೈಗೆ ಅದು ಸರಿ ಬರುತ್ತಿತ್ತು, ಯಾಕೆಂದರೆ ಅವರು ಹೆಚ್ಚಿದ ಹೋಳೆಲ್ಲ ಒಂದೇ ಗಾತ್ರ. ನಾವು ಒಂದು ದಪ್ಪ, ಒಂದು ಸಣ್ಣ ಹೆಚ್ಚುತ್ತೇವೆ. ಪಾವಿನೊಳಗೆ ಕಾಯಿ ಎಷ್ಟು, ಗಾಳಿ ಎಷ್ಟು, ಯಾರಿಗೆ ಗೊತ್ತು? ಉಪ್ಪಿನದೂ ಅದೇ ಕಥೆ. ಕಲ್ಲುಪ್ಪು ಹಿಡಿಯುವ ಪಾವಿನಲ್ಲಿ ಪುಡಿ ಉಪ್ಪು ಜಾಸ್ತಿ ಕೂರುತ್ತದೆ. ತೂಕಕ್ಕೆ ಬಂದರೆ ಈ ತಕರಾರೇ ಇಲ್ಲ. ಒಂದು ಕೆಜಿ ಹೋಳಿಗೆ 200 ಗ್ರಾಂ ಉಪ್ಪು, 100 ಗ್ರಾಂ ಮೆಣಸಿನಪುಡಿ, 50 ಗ್ರಾಂ ಸಾಸಿವೆ, ಎರಡು ಚಮಚ ಹುರಿದ ಮೆಂತ್ಯ. ಮೆಣಸಿನಕಾಯಿಯಲ್ಲಿ ಮುಕ್ಕಾಲು ಪಾಲು ಬ್ಯಾಡಗಿ, ಬಣ್ಣಕ್ಕೆ. ಕಾಲು ಪಾಲು ಗುಂಟೂರು, ಖಾರಕ್ಕೆ.

ಉಪ್ಪು ಮಾತ್ರ ಕಡಿಮೆ ಮಾಡಬೇಡಿ. ನಮ್ಮ ಯಜಮಾನರಿಗೆ ಬಿಪಿ ಅಂತ ಒಂದು ವರ್ಷ ಅರ್ಧ ಹಾಕಿದ್ದೆ. ಮೂರೇ ವಾರಕ್ಕೆ ಜಾಡಿಯ ಬಾಯಲ್ಲಿ ಹಸಿರು ಬೂಷ್ಟು. ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನಬಹುದಲ್ಲ ಅಂತ ಅವರು. ನಾನು ಒಪ್ಪಲಿಲ್ಲ, ಜಾಡಿ ಪೂರ್ತಿ ಸುರಿದುಬಿಟ್ಟೆ. ಬೂಷ್ಟಿನ ಬೇರು ಕಣ್ಣಿಗೆ ಕಾಣದೆ ಒಳಗೂ ಇಳಿದಿರುತ್ತದೆ. ಬಿಪಿ ಇರುವವರು ಜಾಡಿಯಲ್ಲಿ ಉಪ್ಪು ಕಡಿಮೆ ಮಾಡುವುದಲ್ಲ, ಎಲೆಯ ತುದಿಗೆ ಬಡಿಸಿಕೊಳ್ಳುವ ಉಪ್ಪಿನಕಾಯಿ ಕಡಿಮೆ ಮಾಡಬೇಕು.

ಕಾಯಿ ತರುವಾಗಲೂ ಸ್ವಲ್ಪ ನೋಡಿ. ಗಾಂಧಿ ಬಜಾರಿಗೆ ಹೋಗಿ, ಮಲ್ಲೇಶ್ವರಂ ಎಂಟನೇ ಕ್ರಾಸಿಗೆ ಹೋಗಿ, ಮೊದಲು ಕಣ್ಣಿಗೆ ಬೀಳುವುದು ಗಿಣಿಮೂತಿ ಮಾವು, ಅದೇ ತೋತಾಪುರಿ. ಉದ್ದಕ್ಕೆ, ಚೆಂದಕ್ಕೆ ಇರುತ್ತದೆ. ಸೀಳಿ ಉಪ್ಪು ಖಾರ ಹಚ್ಚಿಕೊಂಡು ತಿನ್ನುವುದಕ್ಕೆ ಅದರ ಸಮ ಇಲ್ಲ. ಆದರೆ ಹುಳಿ ಕಡಿಮೆ. ನಾಲ್ಕು ದಿನದಲ್ಲಿ ಖಾಲಿಯಾಗುವ ದಿಢೀರ್ ಉಪ್ಪಿನಕಾಯಿಗೆ ಸರಿ, ವರ್ಷ ಇಡುವುದಕ್ಕೆ ಬೇಡ, ಮೆತ್ತಗಾಗಿಬಿಡುತ್ತದೆ. ಅದಕ್ಕೆ ಹಲ್ಲು ಜುಮ್ಮೆನ್ನುವ ನಾಟಿ ಕಾಯಿಯೇ ಬೇಕು. ಮಿಡಿ ಹಾಕುವವರಾದರೆ ಸಾಗರ, ರಿಪ್ಪನ್‌ಪೇಟೆ ಕಡೆಯಿಂದ ಬರುವ ಅಪ್ಪೆಮಿಡಿ ಕೇಳಿ. ತೊಟ್ಟು ಇರುವುದನ್ನೇ ಆರಿಸಿ. ತೊಟ್ಟು ಮುರಿದಾಗ ಸೊನೆ ಚಿಮ್ಮಬೇಕು, ಘಮ ಮೂಗಿಗೆ ಹೊಡೆಯಬೇಕು. ಆ ಘಮಕ್ಕೇ ಅಲ್ವಾ ಅಷ್ಟು ದುಡ್ಡು ಕೊಡುವುದು? ಮಾರುವವನು ಗೊಣಗಿದರೂ ಒಂದೆರಡು ಮುರಿದು ನೋಡಿಯೇ ತನ್ನಿ.

ಇನ್ನು ಚಾಪರ್. ಈರುಳ್ಳಿಗೆ ದೇವರು ಕೊಟ್ಟ ವರ. ಉಪ್ಪಿನಕಾಯಿ ಹೋಳಿಗೆ ಮಾತ್ರ ಶುದ್ಧ ಅನ್ಯಾಯ. ಅದು ಕಾಯನ್ನು ಹೆಚ್ಚುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಅಂಚಿನಿಂದ ನೀರು ಬಿಡುತ್ತದೆ, ಹೋಳು ಗರಿಗರಿ ಉಳಿಯುವುದಿಲ್ಲ. ಹೋಳಿಗೆ ಈಳಿಗೆಮಣೆ ಅಥವಾ ಹರಿತವಾದ ಚಾಕು. ತೊಕ್ಕಿಗಾದರೆ ಫುಡ್ ಪ್ರೊಸೆಸರಿನ ತುರಿಯುವ ಬಿಲ್ಲೆ ಬಹಳ ಚೆನ್ನ. ಮುಂಚೆ ಒಂದು ಕೆಜಿ ಕಾಯಿ ತುರಿಯುವಷ್ಟರಲ್ಲಿ ಬೆರಳ ತುದಿಯೂ ಸ್ವಲ್ಪ ತೊಕ್ಕಿಗೆ ಸೇರುತ್ತಿತ್ತು. ಈಗ ಐದು ನಿಮಿಷದ ಕೆಲಸ. ಮಿಕ್ಸಿಗೆ ಹಾಕಿ ರುಬ್ಬಬೇಡಿ, ಗೊಜ್ಜಾಗುತ್ತದೆ. ತುರಿಯನ್ನು ದಪ್ಪ ತಳದ ಸ್ಟೀಲ್ ಬಾಣಲೆಯಲ್ಲಿ ಎಣ್ಣೆ ಹಾಕಿ ಹುರಿಯಿರಿ. ಅಲ್ಯೂಮಿನಿಯಂ ಬೇಡ, ಹುಳಿಗೆ ಅದು ಆಗುವುದಿಲ್ಲ. ಮೊದಲು ಸಳಸಳ ಅನ್ನುವ ಸದ್ದು ನೀರಿನದು. ಆ ಸದ್ದು ಸಣ್ಣಗಾಗಿ, ಸೌಟಿನಿಂದ ಎಳೆದಾಗ ಹಿಂದೆ ಎಣ್ಣೆಯ ಗೆರೆ ಕಂಡರೆ ತೊಕ್ಕು ಆಯಿತು. ಎಣ್ಣೆ ಬಿಡುವ ಮುಂಚೆ ಇಳಿಸಿದರೆ ಅದು ಗೊಜ್ಜು, ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ತಿಂದು ಮುಗಿಸಿ.

ಸಾಸಿವೆ, ಮೆಂತ್ಯ ಮಿಕ್ಸಿಯಲ್ಲಿ ಪುಡಿ ಮಾಡುವಾಗ ಒಂದೇ ಸಮನೆ ಓಡಿಸಬೇಡಿ. ಜಾರು ಬಿಸಿಯಾಗಿ ಪುಡಿ ಎಣ್ಣೆ ಬಿಟ್ಟು ಮುದ್ದೆ ಕಟ್ಟುತ್ತದೆ. ಹತ್ತು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ. ಜಾರಿನ ಬ್ಲೇಡಿನ ಅಡಿಯಲ್ಲಿ ಸದಾ ನಾಲ್ಕು ಹನಿ ನೀರು ಅಡಗಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ, ಬೋರಲು ಹಾಕಿ ಬಿಸಿಲಿಗೇ ಇಡಬೇಕು.

ಈಗ ಡೀಹೈಡ್ರೇಟರ್ ಕಥೆ. ನಮ್ಮ ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ಟೆರೇಸಿಗೆ ಬೀಗ ಹಾಕಿಟ್ಟಿರುತ್ತಾರೆ, ಸಂಡಿಗೆ ಹಾಕುವುದೆಲ್ಲಿ? ಅಂಥವರಿಗೆ ಈ ಮೆಷಿನ್ನು ನಿಜವಾಗಲೂ ಉಪಕಾರಿ. ನಾನೂ ಮೊದಲ ಸಲ ಸಬ್ಬಕ್ಕಿ ಸಂಡಿಗೆ ಹಾಕಿದೆ. ರಾತ್ರಿ ನೆನೆಸಿದ ಒಂದು ಲೋಟ ಸಬ್ಬಕ್ಕಿ, ಐದು ಲೋಟ ನೀರು. ಕಾಳು ಗಾಜಿನ ಮಣಿಯ ಹಾಗೆ ಆಗುವ ತನಕ ಬೇಯಿಸಿ, ಹಸಿಮೆಣಸಿನಕಾಯಿ ಜೀರಿಗೆ ಅರೆದು ಹಾಕಿ, ಇಳಿಸಿದ ಮೇಲೆ ನಿಂಬೆರಸ ಹಿಂಡಿದ್ದೆ. ಉಪ್ಪು ಬಾಯಿಗೆ ಸ್ವಲ್ಪ ಸಪ್ಪೆ ಅನ್ನಿಸುವಷ್ಟೇ ಇರಬೇಕು, ನೀರು ಹೋದ ಮೇಲೆ ಅದೇ ಸರಿಯಾಗುತ್ತದೆ. ಎಲ್ಲ ಸರಿಯಾಗಿತ್ತು. ಆದರೆ ಬೇಗ ಆಗಲಿ ಅಂತ ಮೆಷಿನ್ನನ್ನು 70 ಡಿಗ್ರಿಗೆ ಇಟ್ಟೆ. ಐದು ಗಂಟೆಯಲ್ಲಿ ಮುಟ್ಟಿದರೆ ಗಟ್ಟಿ. ಖುಷಿಯಿಂದ ಡಬ್ಬಿಗೆ ತುಂಬಿದೆ. ಹದಿನೈದು ದಿನ ಬಿಟ್ಟು ಮುಚ್ಚಳ ತೆಗೆದರೆ ಒದ್ದೆ ಬಟ್ಟೆಯ ವಾಸನೆ.

ಒಂದನ್ನು ಮುರಿದು ನೋಡಿದೆ. ಮೇಲೆ ಗಾಜಿನಂಥ ಪೊರೆ, ನಡುವೆ ಅಂಟು. ಹೊರಗೆ ಬೇಗ ಬಿಗಿದುಕೊಂಡರೆ ಒಳಗಿನ ನೀರಿಗೆ ದಾರಿಯೇ ಇರುವುದಿಲ್ಲ. ಬಿಸಿಲು ಈ ತಪ್ಪು ಮಾಡುವುದಿಲ್ಲ. ಹಗಲು ಒಣಗಿಸುತ್ತದೆ, ರಾತ್ರಿ ಬಿಡುವು ಕೊಡುತ್ತದೆ. ಅಷ್ಟರಲ್ಲಿ ನಡುವಿನ ತೇವ ನಿಧಾನಕ್ಕೆ ಮೇಲೆ ಬಂದು ಮಾರನೇ ದಿನ ಹಾರಿಹೋಗುತ್ತದೆ. ಈಗ ಮೆಷಿನ್ನಿನಲ್ಲೂ ಹಾಗೇ ಮಾಡುತ್ತೇನೆ. 50 ಡಿಗ್ರಿ, ಆರು ಗಂಟೆ. ಮೆಷಿನ್ನು ಆರಿಸಿ ರಾತ್ರಿ ಬಟ್ಟೆ ಮುಚ್ಚಿ ಬಿಡುವುದು. ಬೆಳಿಗ್ಗೆ ತಿರುವಿ ಹಾಕಿ ಮತ್ತೆ ನಾಲ್ಕೈದು ಗಂಟೆ. ಒಣಗಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿದರೆ ಸಾಲದು. ಸ್ಟೀಲ್ ತಟ್ಟೆಗೆ ಎತ್ತರದಿಂದ ಬೀಳಿಸಿ. ಟಣ್ ಅನ್ನಬೇಕು. ದಪ್ ಅಂದರೆ ಇನ್ನೂ ಹಸಿ. ಆಮೇಲೂ ಒಂದು ಕರಿದು, ಹೂವಿನ ಹಾಗೆ ಅರಳಿದರೆ ಮಾತ್ರ ಡಬ್ಬಿ ಮುಚ್ಚಿ.

ಬಾಳಕದ ಮೆಣಸಿನಕಾಯಿಗೆ ಇದೇ ಮೆಷಿನ್ನನ್ನು ಅಡುಗೆಮನೆಯಲ್ಲಿ ಇಡಬೇಡಿ. ಇಟ್ಟಿದ್ದೆವು. ಮನೆಮಂದಿಯೆಲ್ಲ ಕೆಮ್ಮುತ್ತಾ ಹೊರಗೆ ಓಡಿದೆವು, ಮೊಮ್ಮಗ ಇವತ್ತಿಗೂ ಆಡಿಕೊಳ್ಳುತ್ತಾನೆ. ಬಾಲ್ಕನಿಗೆ ತೆಗೆದುಕೊಂಡು ಹೋಗಿ. ಕಾಯಿ ಸೀಳಿ, ಉಪ್ಪು, ಇಂಗು, ಮೆಂತ್ಯದ ಪುಡಿ ಹಾಕಿದ ಗಟ್ಟಿ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸುವುದು, ಹಗಲು ಒಣಗಿಸುವುದು, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಪೂರ್ತಿ ಕುಡಿಯುವ ತನಕ ನಾಲ್ಕೈದು ದಿನ.

ಟೆರೇಸ್ ಇರುವವರು ಬಿಸಿಲನ್ನು ಬಿಡಬೇಡಿ, ಪುಕ್ಕಟೆ ಸಿಗುವುದು. ಸಂಡಿಗೆ ಹಾಕಲು ಪ್ಲಾಸ್ಟಿಕ್ ಶೀಟಿಗಿಂತ ಹಳೆ ಪಂಚೆ ನನಗಿಷ್ಟ, ಅಡಿಯಿಂದಲೂ ಗಾಳಿಯಾಡುತ್ತದೆ. ಅಂಟಿಕೊಂಡರೆ ಪಂಚೆ ಮಗುಚಿ ಹಿಂಬದಿಗೆ ನೀರು ಚಿಮುಕಿಸಿದರೆ ಬಿಡುತ್ತದೆ. ಆಮೇಲೆ ಇನ್ನೊಂದು ಬಿಸಿಲು ಕಾಣಿಸಲೇಬೇಕು. ಕಾಗೆಗೆ ಕರಿ ಕೊಡೆ ಬಿಚ್ಚಿಡಿ. ಕಟ್ಟಡ ಕೆಲಸದ ಧೂಳಿಗೆ ಮೇಲೊಂದು ಸೊಳ್ಳೆಪರದೆ ಬಟ್ಟೆ. ಇಷ್ಟೇ ನಮ್ಮ ಡೀಹೈಡ್ರೇಟರ್.

ಏರ್ ಫ್ರೈಯರಿನಲ್ಲಿ ಸಂಡಿಗೆ ಕರಿಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಅರಳು ಸಂಡಿಗೆ ಹಾಕಿ ನೋಡಿದೆ. ಒಳಗಿನ ಗಾಳಿಗೆ ಅದು ಹಾರಿಹೋಗಿ ಮೇಲಿನ ಕಾಯಿಲ್‌ಗೆ ಅಂಟಿ ಕರಕಲಾಯಿತು. "ಅತ್ತೆ, ನಿಮ್ಮ ಸಂಡಿಗೆಗೆ ರೆಕ್ಕೆ ಬಂದಿದೆ" ಅಂತ ಸೊಸೆ ನಕ್ಕಿದ್ದೇ ನಕ್ಕಿದ್ದು. ಹಾಕಲೇಬೇಕಿದ್ದರೆ ಬೆರಳಲ್ಲಿ ಎಣ್ಣೆ ಸವರಿ, ಮೇಲೊಂದು ಸ್ಟೀಲ್ ಜಾಲರಿ ಇಡಿ. ಆದರೂ ಅಕ್ಕಿ ಸಂಡಿಗೆ, ಸಬ್ಬಕ್ಕಿ ಸಂಡಿಗೆ ಕಾದ ಎಣ್ಣೆಯಲ್ಲಿ ಅರಳುವ ಹಾಗೆ ಅರಳುವುದಿಲ್ಲ. ಉದ್ದಿನ ಹಪ್ಪಳಕ್ಕೆ ಮೈಕ್ರೋವೇವೇ ವಾಸಿ, ಒಂದು ನಿಮಿಷ ಸಾಕು. ಗಾಳಿ ಎಳೆದು ಪ್ಯಾಕ್ ಮಾಡುವ ಇನ್ನೊಂದು ಮೆಷಿನ್ನು ಬಂದಿತ್ತು. ಸಂಡಿಗೆಯನ್ನು ಹಿಂಡಿ ಪುಡಿ ಮಾಡಿತು. ಅಟ್ಟ ಹತ್ತಿತು.

ಇಡುವ ಪಾತ್ರೆಗೆ ಹೊಸದೇನೂ ಬೇಡ. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ ಅಥವಾ ಗಾಜು. ಗಾಜಿನ ಬಾಟಲಿಯ ತಗಡಿನ ಮುಚ್ಚಳ ಉಪ್ಪಿಗೆ ತುಕ್ಕು ಹಿಡಿಯುತ್ತದೆ, ನೋಡಿಕೊಳ್ಳಿ. ಜಾಡಿ ತೊಳೆದು ಒಂದು ದಿನ ಪೂರ್ತಿ ಬಿಸಿಲಿಗಿಡಿ. ಆಮೇಲೆ ನಮ್ಮತ್ತೆಯ ಒಂದು ಕೆಲಸ ಇದೆ, ನಾನು ಬಿಟ್ಟಿಲ್ಲ. ಅವರು ಕೆಂಡದ ಮೇಲೆ ಇಂಗು ಉದುರಿಸಿ ಜಾಡಿಯನ್ನು ಬೋರಲು ಹಾಕುತ್ತಿದ್ದರು. ಈಗ ಕೆಂಡ ಎಲ್ಲಿಂದ ತರೋಣ? ಕಬ್ಬಿಣದ ಒಗ್ಗರಣೆ ಸೌಟನ್ನು ಗ್ಯಾಸಿನಲ್ಲಿ ಕಾಯಿಸಿ, ಕೆಳಗಿಳಿಸಿ, ಚಿಟಿಕೆ ಇಂಗು ಹಾಕಿ, ಹೊಗೆಯ ಮೇಲೆ ಜಾಡಿ ಹಿಡಿಯುತ್ತೇನೆ. ತುಂಬಿದ ಮೇಲೆ ಎಳ್ಳೆಣ್ಣೆ ಚೆನ್ನಾಗಿ ಕಾಯಿಸಿ, ಪೂರ್ತಿ ಆರಿಸಿ, ಹೋಳಿನ ಮೇಲೆ ಒಂದು ಬೆರಳು ನಿಲ್ಲುವಷ್ಟು ಸುರಿಯುವುದು. ಬಿಸಿ ಎಣ್ಣೆ ಹಾಕಿದರೆ ಮುಚ್ಚಳದೊಳಗೆ ಬೆವರು ಕಟ್ಟುತ್ತದೆ, ಮತ್ತೆ ಅದೇ ನೀರು.

ದೊಡ್ಡ ಜಾಡಿಯ ಬಾಯಿ ವಾರಕ್ಕೊಮ್ಮೆ ಮಾತ್ರ ಬಿಚ್ಚಿ, ಒಣಗಿದ ಮರದ ಸೌಟಿನಲ್ಲಿ ಸಣ್ಣ ಬಾಟಲಿಗೆ ತೆಗೆದುಕೊಳ್ಳಿ. ಸಂಡಿಗೆ ಡಬ್ಬಿಯ ತಳದಲ್ಲಿ ಉಳಿಯುವ ಚೂರುಪಾರನ್ನು ಬಿಸಾಡಬೇಡಿ. ಒಂದು ಹಿಡಿ ಕರಿದು, ಒಗ್ಗರಣೆ ಹಾಕಿದ ಮೊಸರಿಗೆ ಊಟಕ್ಕೆ ಕೂರುವ ಹೊತ್ತಿಗೆ ಬೆರೆಸಿ. ಮುಂಚೆಯೇ ಬೆರೆಸಿದರೆ ಮೆತ್ತಗಾಗುತ್ತದೆ.