ಟ್ಯಾಲಿನ್‌ನಲ್ಲಿ ಬಸ್ ಫ್ರೀ, ಆದರೆ ಯಾರಿಗೆ?

ಎಸ್ಟೋನಿಯದ ರಾಜಧಾನಿ ಟ್ಯಾಲಿನ್‌ಗೆ ಓದೋಕೆ, ಕೆಲಸಕ್ಕೆ ಬರುವ ನಮ್ಮವರು ಹಳೇ ಊರಿನ ಫೋಟೋ ನೋಡಿಕೊಂಡೇ ವಿಮಾನ ಹತ್ತಿರುತ್ತಾರೆ. ಕೋಟೆ ಗೋಡೆ, ಚರ್ಚಿನ ಗೋಪುರದ ಕತೆ ನಾನು ಹೇಳಬೇಕಿಲ್ಲ. ಅದರ ಜೊತೆಗೆ 'ಅಲ್ಲಿ ಬಸ್ಸು, ಟ್ರಾಮು ಎಲ್ಲ ಫ್ರೀ ಅಂತೆ' ಅಂತಲೂ ಕೇಳಿಕೊಂಡು ಬಂದಿರುತ್ತಾರೆ. ಆ 'ಅಂತೆ' ನನ್ನ 40 ಯೂರೋ ತಿಂದಿತ್ತು. ಹೋದ ತಿಂಗಳು ಹಾಸನದ ಹುಡುಗನೊಬ್ಬ ಅದೇ ಗುಂಡಿಗೆ ಬಿದ್ದ. ಅದಕ್ಕೇ ಬರೆಯುತ್ತಿದ್ದೇನೆ.

ಫ್ರೀ ಇರುವುದು ನಿಜ, 2013ರಿಂದ. ಆದರೆ ಅದು ಟ್ಯಾಲಿನ್ ವಿಳಾಸವನ್ನು ಜನಸಂಖ್ಯಾ ರಿಜಿಸ್ಟರಿನಲ್ಲಿ ನೋಂದಾಯಿಸಿದವರಿಗೆ ಮಾತ್ರ. ಇದರ ಹಿಂದೆ ಲೆಕ್ಕಾಚಾರವಿದೆ. ಇಲ್ಲಿ ನೀವು ಕಟ್ಟುವ ಆದಾಯ ತೆರಿಗೆಯ ಒಂದು ಪಾಲು ನೀವು ನೋಂದಾಯಿಸಿದ ಊರಿಗೆ ಹೋಗುತ್ತದೆ. ನಿಮ್ಮ ಹೆಸರು ತನ್ನ ಲೆಕ್ಕಕ್ಕೆ ಬರಲಿ ಎಂದೇ ನಗರ ಬಸ್ಸು ಬಿಟ್ಟುಕೊಡುತ್ತದೆ. ಧರ್ಮಕ್ಕೇನೂ ಅಲ್ಲ.

ನಾನು ಮುಸ್ತಮ್ಯಾಯ ಬಡಾವಣೆಯಲ್ಲಿ ರೂಮು ಹಿಡಿದು ಎರಡು ತಿಂಗಳಾಗಿತ್ತು. ಬಾಡಿಗೆ ಕರಾರು ಇತ್ತು, ಐಡಿ ಕಾರ್ಡ್ ಇತ್ತು, ಜೇಬಿನಲ್ಲಿ ಹಸಿರು ಬಸ್ ಕಾರ್ಡೂ ಇತ್ತು. ಇಷ್ಟೆಲ್ಲ ಇದ್ದ ಮೇಲೆ ಇನ್ನೇನು ಎಂದು ಕಿಟಕಿ ಪಕ್ಕ ಕೂತಿದ್ದೆ. ತಪಾಸಣೆಯವರು ಬಂದು ನನ್ನ ಕಾರ್ಡನ್ನು ಕೈಯಲ್ಲಿದ್ದ ಯಂತ್ರಕ್ಕೆ ಹಿಡಿದರು, ತಲೆ ಅಲ್ಲಾಡಿಸಿದರು. ವಿಳಾಸ ನೋಂದಣಿಯೇ ಆಗಿರಲಿಲ್ಲ. ಮನೆ ಮಾಲೀಕರು 'ಮುಂದಿನ ವಾರ ನೋಡೋಣ' ಎನ್ನುತ್ತಲೇ ಇದ್ದರು, ನಾನೂ ಸುಮ್ನೆ ಇದ್ದೆ. ದಂಡ ಕಟ್ಟಿದೆ.

ಆದ್ದರಿಂದ ಮನೆ ಹಿಡಿಯುವಾಗಲೇ, ಮುಂಗಡ ಕೊಡುವ ಮೊದಲೇ ಕೇಳಿ: ಈ ವಿಳಾಸದಲ್ಲಿ ನೋಂದಾಯಿಸಲು ಬಿಡುತ್ತೀರಾ? ಆಮೇಲೆ ಹಸಿರು ಕಾರ್ಡನ್ನು ನಿಮ್ಮ ವೈಯಕ್ತಿಕ ಗುರುತಿನ ಸಂಖ್ಯೆಗೆ ಜೋಡಿಸಿ. ಇಷ್ಟಾದರೂ ಮುಗಿಯಲಿಲ್ಲ. ಪ್ರತಿ ಸಲ ಹತ್ತಿದಾಗಲೂ ಕಾರ್ಡನ್ನು ಯಂತ್ರಕ್ಕೆ ತಾಕಿಸಲೇಬೇಕು. ಹಾಸನದ ಹುಡುಗ ಎಡವಿದ್ದು ಇಲ್ಲೇ. 'ಫ್ರೀ ಅಲ್ವಾ, ಯಾಕೆ ತಾಕಿಸಬೇಕು?' ಎಂದ. ನಮ್ಮ ಶಕ್ತಿ ಯೋಜನೆಯಲ್ಲಿ ಹೆಂಗಸರು ಶೂನ್ಯ ಟಿಕೆಟ್ ತಗೊಳ್ಳಲ್ವಾ, ಇದೂ ಹಾಗೇ ಅಂದೆ. ಆದರೆ ಅಲ್ಲಿ ಕಂಡಕ್ಟರ್ ಹತ್ತಿರ ಬಂದು ಆಧಾರ್ ಕೇಳಿ ಟಿಕೆಟ್ ಹರಿದು ಕೊಡುತ್ತಾರೆ. ಇಲ್ಲಿ ಕೇಳುವವರೇ ಇಲ್ಲ, ದಂಡ ಹಾಕುವವರು ಮಾತ್ರ ಬರುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಕಂಡಕ್ಟರೇ ವಾಸಿ, ಗದರಿದರೂ ಸರಿ.

ಊರಿಂದ ನೆಂಟರು ಬಂದರೆ ನಿಮ್ಮ ಫ್ರೀ ಅವರಿಗೆ ಅನ್ವಯಿಸುವುದಿಲ್ಲ. ಬ್ಯಾಂಕ್ ಕಾರ್ಡನ್ನು ಡ್ರೈವರ್ ಹತ್ತಿರದ ಮುಂಬಾಗಿಲ ಯಂತ್ರಕ್ಕೆ ತಾಕಿಸಿದರೆ ಒಂದು ಗಂಟೆಯ ಟಿಕೆಟ್. ಒಂದು ಕಾರ್ಡಿಗೆ ಒಬ್ಬರೇ. ಇಬ್ಬರಿದ್ದರೆ ಎರಡು ಕಾರ್ಡ್ ಬೇಕು.

ಇನ್ನು ಒಂದು ದಿನದ ಸುತ್ತಾಟ. ರೈಲಿನಲ್ಲಿ ನಿಮ್ಮ ಫ್ರೀ ನಗರದ ಗಡಿಗೇ ಮುಗಿಯಿತು. ಅಲ್ಲಿಂದಾಚೆ ಟಿಕೆಟ್ ಬೇಕು, ಮೊದಲೇ ಆನ್‌ಲೈನಿನಲ್ಲಿ ತಗೊಂಡರೆ ಅಗ್ಗ. ತಾರ್ತು ಊರಿಗೆ ಸುಮಾರು ಎರಡು ಗಂಟೆ, ಹಡಗಿನಲ್ಲಿ ಹೆಲ್ಸಿಂಕಿಗೂ ಅಷ್ಟೇ. ಎಸ್ಟೋನಿಯ, ಹೆಲ್ಸಿಂಕಿ ಇರುವ ಫಿನ್‌ಲ್ಯಾಂಡ್ ಎರಡೂ ಷೆಂಗೆನ್ ದೇಶ, ನಡುವೆ ಗಡಿ ತಪಾಸಣೆ ಇರುವುದಿಲ್ಲ ಎಂದು ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಯಾಗಲ ಜಲಪಾತವನ್ನು ಎಲ್ಲರೂ ಹೊಗಳುತ್ತಾರೆ. ಎತ್ತರ 8 ಮೀಟರ್. 253 ಮೀಟರಿನ ಜೋಗ ನೋಡಿದವರಿಗೆ ನಗು ಬರುತ್ತದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ನಿಂತಾಗ ಹೋಗಿ, ಆಗ ನಗು ಬರುವುದಿಲ್ಲ.

ನನ್ನನ್ನು ಕೇಳಿದರೆ ಲಾಹೆಮಾ. ಹೆಸರಿನ ಅರ್ಥ ಕೊಲ್ಲಿಗಳ ನಾಡು. 1971ರಲ್ಲಿ, ಸೋವಿಯತ್ ಒಕ್ಕೂಟದ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಶುರುವಾಗಿದ್ದು. ಅಲ್ಲಿನ ವಿರು ಜೌಗಿನಲ್ಲಿ ಹಲಗೆ ಹಾಸಿದ ದಾರಿ ಇದೆ. ಅಕ್ಕಪಕ್ಕ ಕಡುಗಪ್ಪು ನೀರಿನ ಹೊಂಡ, ಮೊಣಕಾಲೆತ್ತರದ ಪೈನ್ ಮರ. ಹಲಗೆ ಬಿಟ್ಟು ಕಾಲಿಟ್ಟರೆ ನೆನೆದ ಹಾಸಿಗೆ ತುಳಿದ ಹಾಗೆ ಒಳಗೆ ಇಳಿಯುತ್ತದೆ. ಇಡಬೇಡಿ.

ಹೋಗುವ ಬಸ್ ನೋಡುವ ಮುಂಚೆ ವಾಪಸ್ ಬರುವ ಬಸ್ ನೋಡಿಕೊಳ್ಳಿ. ಡಿಸೆಂಬರ್‌ನಲ್ಲಿ ಮೂರೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಕತ್ತಲಲ್ಲಿ ರಸ್ತೆ ಬದಿ ನಡೆಯುವವರು ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆ ಹಾಕಿಕೊಳ್ಳಲೇಬೇಕು, ಕಾನೂನೇ ಇದೆ. ದಾರದಲ್ಲಿ ಪೋಣಿಸಿ ಕೋಟಿನ ಜೇಬಿಗೆ ಪಿನ್ ಮಾಡುವ ಪ್ಲಾಸ್ಟಿಕ್ ತುಂಡು ಅದು. ಬಲಗಡೆ ಹಾಕಿ, ಮೊಣಕಾಲ ಎತ್ತರಕ್ಕೆ ಜೋಲಾಡಲಿ.