ಸಿಮೆಂಟ್ ಕಿತ್ತು ಸುಣ್ಣ ಹಾಕಿದ ರಜೆ

ನಮ್ಮ ಮನೆಯ ಚಾವಡಿಯ (ಮುಂದಿನ ಕೋಣೆಯ) ಪಡುಗೋಡೆಗೆ ಹತ್ತು ವರ್ಷದಲ್ಲಿ ಮೂರು ಸಲ ಪೈಂಟ್ ಹೊಡೆಸಿದ್ದೇನೆ. ಮೂರು ಸಲವೂ ಅದು ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಮೂರನೇ ಸಲ ಪೈಂಟ್ ಅಂಗಡಿಯವರ ಮಾತು ಕೇಳಿ ವಾಟರ್‌ಪ್ರೂಫ್ ಪುಟ್ಟಿ ಬಳಿದು, ಅದರ ಮೇಲೆ ದುಬಾರಿ ಎಮಲ್ಷನ್ ಹಾಕಿಸಿದ್ದೆ. ಹತ್ತು ವರ್ಷ ಏನೂ ಆಗುವುದಿಲ್ಲ ಅಂದಿದ್ದರು. ಆಟಿ ತಿಂಗಳಿಗೇ (ಜುಲೈ-ಆಗಸ್ಟ್) ಗೋಡೆಯಲ್ಲಿ ಗುಳ್ಳೆ ಎದ್ದವು. ಮಗಳಿಗೆ ಅದನ್ನು ಬೆರಳಲ್ಲಿ ಒತ್ತಿ ಪಟ್ ಅನಿಸುವುದೇ ಆಟ. ಒಡೆದ ಗುಳ್ಳೆಯ ಹಿಂದಿನಿಂದ ಹಿಟ್ಟಿನಂಥ ಬಿಳಿ ಪುಡಿ ಉದುರುತ್ತಿತ್ತು.

ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಸೀತಾಂಗೋಳಿ ದಾಟಿ ಸ್ವಲ್ಪ ಒಳಗೆ. ಅಮ್ಮನ ಅಜ್ಜ ಕಟ್ಟಿಸಿದ್ದು. ಮುರಕಲ್ಲಿನ ಗೋಡೆ, ಹಲಸಿನ ತೊಲೆ, ಕಾವಿ ನೆಲ, ಹಂಚಿನ ಮಾಡು. ಅದರ ಆಧಾರಪತ್ರ ಇರುವುದು ಕನ್ನಡದಲ್ಲಿ, ಈಗ ಪಂಚಾಯತಿನ ತೆರಿಗೆ ರಶೀದಿ ಬರುವುದು ಮಲಯಾಳದಲ್ಲಿ. ನಾನು ಕನ್ನಡ ಮಾಧ್ಯಮದ ಶಾಲೆಯ ಟೀಚರ್. ಹಾಗಾಗಿ ಕೈಯಲ್ಲಿದ್ದದ್ದು ಏಪ್ರಿಲ್, ಮೇ ಎರಡೇ ತಿಂಗಳು. ಜೂನ್ ಒಂದಕ್ಕೆ ಶಾಲೆ ಶುರು, ಮಳೆಯೂ ಹೆಚ್ಚುಕಡಿಮೆ ಅದರ ಬೆನ್ನಿಗೇ.

ನಾಲ್ಕನೇ ಸಲ ಪೈಂಟ್ ಹೊಡೆಸುವ ಮೊದಲು ನಮ್ಮೂರಿನ ಒಬ್ಬ ಹಳೆಯ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಎಪ್ಪತ್ತು ದಾಟಿದೆ, ಈಗ ಕರಣೆ ಹಿಡಿಯುವುದಿಲ್ಲ. ಚಹಾ ಕುಡಿದು, ನನ್ನ ಸ್ಕೂಟರಿನ ಕೀಲಿ ಕೇಳಿ ತೆಗೆದುಕೊಂಡು ಗೋಡೆಯನ್ನು ಅಲ್ಲಲ್ಲಿ ಬಡಿದರು. ಕೆಳಗಿನ ನಾಲ್ಕು ಅಡಿ ಪೂರ್ತಿ ಟೊಳ್ಳು ಶಬ್ದ.

"ಟೀಚರೇ, ಗೋಡೆಗೆ ಏನೂ ಆಗಿಲ್ಲ. ನೀವು ಅದಕ್ಕೆ ರೈನ್‌ಕೋಟ್ ಹಾಕಿ ಒಳಗೊಳಗೇ ಬೆವರಿಸ್ತಾ ಇದ್ದೀರಿ" ಅಂದರು.

ವಿಷಯ ಇಷ್ಟೇ. ಮುರಕಲ್ಲು ನೆಲದಿಂದ ಕಡಿದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ಸೀಮೆಯೆಲ್ಲ ಸುತ್ತಿದ ಬುಕಾನನ್ ಈ ಕಲ್ಲಿಗೆ 'ಲ್ಯಾಟರೈಟ್' ಅಂತ ಹೆಸರಿಟ್ಟದ್ದೂ ಇದಕ್ಕೇ. ಇಟ್ಟಿಗೆಯ ಹಾಗೆ ಕಡಿಯಬಹುದು ಅಂತ ಲ್ಯಾಟಿನ್‌ನ ಇಟ್ಟಿಗೆಯ ಹೆಸರನ್ನೇ ಕೊಟ್ಟ. ಅವನ ಪುಸ್ತಕ ಬಂದದ್ದು 1807ರಲ್ಲಿ. ಆದರೆ ಎಷ್ಟೇ ಗಟ್ಟಿಯಾದರೂ ಈ ಕಲ್ಲಿನ ಮೈತುಂಬ ತೂತು. ಮಳೆಗಾಲದಲ್ಲಿ ನೆಲದ ನೀರು ಬತ್ತಿಗೆ ಎಣ್ಣೆ ಏರಿದ ಹಾಗೆ ಗೋಡೆಗೆ ಏರುತ್ತದೆ. ಮೊದಲು ಇದ್ದದ್ದು ಸುಣ್ಣದ ಗಾರೆ. ಏರಿದ ನೀರು ಅದರ ಮೂಲಕ ಆವಿಯಾಗಿ ಹೊರಗೆ ಹೋಗುತ್ತಿತ್ತು. 1980ರ ಸುಮಾರಿಗೆ ಅಪ್ಪ ಅದನ್ನು ಕೆಡವಿ ನಾಲ್ಕು ಅಡಿ ಎತ್ತರಕ್ಕೆ ಸಿಮೆಂಟ್ ಸಾರಣೆ ಮಾಡಿಸಿದರು. ಅವರದ್ದು ತಪ್ಪು ಅಂತ ಹೇಳಲಾರೆ, ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಸಿಮೆಂಟ್ ದಾರಿ ಮುಚ್ಚಿತು, ನೀರು ಅದರ ಹಿಂದೆಯೇ ಇನ್ನೂ ಮೇಲೆ ಹತ್ತಿತು, ಜೊತೆಗೆ ಮಣ್ಣಿನ ಉಪ್ಪನ್ನೂ ಎಳೆದುಕೊಂಡು ಬಂತು. ನೀರು ಆರಿದಾಗ ಉಪ್ಪು ಹರಳುಗಟ್ಟಿ ಪೈಂಟನ್ನು ಹಿಂದಿನಿಂದ ದೂಡುತ್ತದೆ. ಮಗಳು ಒಡೆಯುತ್ತಿದ್ದ ಗುಳ್ಳೆ ಅದೇ.

ಹೊರಗೂ ಒಂದು ಕಾರಣ ಇತ್ತು. ಅಡಿಕೆ ಒಣಗಿಸಲು ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದಾಗ ಅದನ್ನು ಗೋಡೆಗೆ ತಾಗುವ ಹಾಗೇ ಹಾಕಿದ್ದರು. ಮಾಡಿನ ನೀರು ಆ ಕಾಂಕ್ರೀಟಿಗೆ ಬಿದ್ದು ಸಿಡಿದು ಗೋಡೆಯ ಬುಡಕ್ಕೇ ಹೋಗುತ್ತಿತ್ತು. ಗೋಡೆಯ ಉದ್ದಕ್ಕೂ ಒಂದೂವರೆ ಅಡಿ ಅಗಲ ಒಡೆದು ತೆಗೆದು ಜಲ್ಲಿ ತುಂಬಿ ಅಂದರು ಮೇಸ್ತ್ರಿ. ಮನೆಯಲ್ಲಿ ಜಗಳ ಆದದ್ದು ಇದಕ್ಕೆ ಮಾತ್ರ. "ಅಡಿಕೆ ಹರಡುವ ಜಾಗ ಕಮ್ಮಿ ಆಗ್ತದೆ" ಅಂತ ಅಮ್ಮ ಎರಡು ದಿನ ಮಾತಾಡಲಿಲ್ಲ. ಗಂಡ ಮಧ್ಯಸ್ಥಿಕೆ ಮಾಡಿ ಒಂದೂವರೆಯನ್ನು ಒಂದೂಕಾಲಿಗೆ ಇಳಿಸಿದರು. ಒಡೆಯುವುದಕ್ಕೆ ಮಾತ್ರ ಜನ ಕರೆದೆವು, ಉಳಿದದ್ದು ನಾವೇ.

ಸಿಮೆಂಟ್ ಕೀಳಲು ಮೆಷಿನ್ ತರಬೇಡಿ. ಅದರ ಅದುರುವಿಕೆಗೆ ಕಲ್ಲಿನ ಮುಖವೇ ಎದ್ದು ಬರುತ್ತದೆ. ಸಣ್ಣ ಸುತ್ತಿಗೆ, ಚಪ್ಪಟೆ ಉಳಿ ಸಾಕು. ಟೊಳ್ಳು ಇದ್ದಲ್ಲಿ ಉಳಿಯನ್ನು ಓರೆ ಹಿಡಿದು ಎತ್ತಿದರೆ ರೊಟ್ಟಿಯ ಹಾಗೆ ಒಂದೊಂದು ತುಂಡು ಬರುತ್ತದೆ. ಗಟ್ಟಿ ಹಿಡಿದುಕೊಂಡ ಜಾಗದಲ್ಲಿ ಮಾತ್ರ ಅಳು ಬರುತ್ತದೆ. ನಾವಿಬ್ಬರೂ ಬೆಳಗ್ಗೆ ಆರರಿಂದ ಹತ್ತರವರೆಗೆ ಕುಟ್ಟುತ್ತಿದ್ದೆವು, ಆಮೇಲೆ ಸೆಕೆಗೆ ಆಗುತ್ತಿರಲಿಲ್ಲ. ಒಂದು ಚಾವಡಿಗೆ ಒಂಬತ್ತು ದಿನ ಹಿಡಿಯಿತು. ಒಂದು ಮೂಲೆಯಲ್ಲಿ ಹಳೆಯ ಗಾರೆ ಅಂಗೈಯಷ್ಟು ಉಳಿದಿತ್ತು. ಅದರಲ್ಲಿ ಸರಿಯಾಗಿ ಬೇಯದ ಚಿಪ್ಪಿನ ಚೂರುಗಳು ಇನ್ನೂ ಹೊಳೆಯುತ್ತಿದ್ದವು.

ಕಲ್ಲಿನ ಮೇಲೆ ಕೂತ ಉಪ್ಪನ್ನು ಒಣ ಬ್ರಷ್‌ನಲ್ಲೇ ಉಜ್ಜಿ ಗುಡಿಸಿ ಹೊರಗೆ ಹಾಕಬೇಕು. ನಾನು ಮೊದಲ ದಿನ ಜಾಣತನ ಮಾಡಿ ಹೋಸ್ ಹಿಡಿದು ತೊಳೆದೆ. ಉಪ್ಪು ಕರಗಿ ವಾಪಸ್ ಕಲ್ಲಿನೊಳಗೇ ಹೋಯಿತು, ನಾಲ್ಕನೇ ದಿನಕ್ಕೆ ಮತ್ತೆ ಅರಳಿತು. ಆಮೇಲೆ ದಿನಾ ಒಣ ಬ್ರಷ್ಷೇ. ಗೋಡೆಯನ್ನು ಹಾಗೇ ಬತ್ತಲೆ ಬಿಟ್ಟು ಒಣಗಿಸಿದ್ದು ಹತ್ತು ದಿನ. ಇನ್ನೂ ಜಾಸ್ತಿ ಬಿಡಬೇಕಿತ್ತು, ರಜೆ ಕೇಳಲಿಲ್ಲ.

ಈಗ ಸುಣ್ಣ. ಅಂಗಡಿಯಲ್ಲಿ ಸುಣ್ಣ ಅಂದರೆ ಗೋಡೆಗೆ ಬಳಿಯುವ ಪ್ಯಾಕೆಟ್ ಪುಡಿ ಕೊಡುತ್ತಾರೆ. ಅದು ಸಾರಣೆಗೆ ಬರುವುದಿಲ್ಲ. ಕುಮ್ಮಾಯ ಅಂತ ಮಲಯಾಳದಲ್ಲಿ ಕೇಳಿದಾಗ ಎರಡು ಅಂಗಡಿಯವರು ನಕ್ಕರು. ಕೊನೆಗೆ ಮೇಸ್ತ್ರಿಯ ಪರಿಚಯದವರ ಮೂಲಕ ಮರುವಾಯಿ ಚಿಪ್ಪು ಸುಟ್ಟ ಸುಣ್ಣ 50 ಕಿಲೋ ಸಿಕ್ಕಿತು. ಇದನ್ನು ಗೋಡೆ ಕೆತ್ತುವುದಕ್ಕೂ ಮೊದಲೇ, ರಜೆ ಶುರುವಾದ ದಿನವೇ ಅರಳಿಸಲು ಹಾಕಿದ್ದೆ. ದೊಡ್ಡ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸುಣ್ಣ. ಉಲ್ಟಾ ಮಾಡಲೇಬೇಡಿ, ಸುಣ್ಣದ ಮೇಲೆ ನೀರು ಹೊಯ್ದರೆ ಸಿಡಿದು ಮುಖಕ್ಕೆ ಬರುತ್ತದೆ. ಬೆಂಕಿ ಇಲ್ಲದೆ ನೀರು ಕೊತಕೊತ ಕುದಿಯುವುದನ್ನು ನೋಡಿ ಮಗಳು ದೂರ ಓಡಿದಳು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ತಣಿದ ಮೇಲೆ ಜಾಲರಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮೂರು ವಾರ ಹಾಗೇ ಇಟ್ಟೆ. ತೆಗೆದಾಗ ಗಟ್ಟಿ ಮೊಸರಿನ ಹಾಗಿತ್ತು.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಯಿಗೆ (ಮರಳು). ಕಡಲ ಹೊಯಿಗೆ ಬೇಡ, ಉಪ್ಪು ಓಡಿಸಲು ಹೊರಟವರು ಉಪ್ಪನ್ನೇ ತಂದು ಮೆತ್ತಿದ ಹಾಗಾಗುತ್ತದೆ. ನೀರು ಸೇರಿಸುವುದು ಕಮ್ಮಿ, ಕುಟ್ಟುವುದು ಜಾಸ್ತಿ. ಒಣಗಿದೆ ಅನಿಸಿದರೂ ಒನಕೆಯಲ್ಲಿ ಕುಟ್ಟುತ್ತಾ ಹೋದರೆ ತಾನೇ ಮೆತ್ತಗಾಗುತ್ತದೆ. ಮೇಸ್ತ್ರಿ ಒಂದು ತಂಬಿಗೆ ಬೆಲ್ಲದ ನೀರು ಹಾಕಿಸಿದರು, ಹಿಂದೆ ಎಲ್ಲ ಹಾಗೇ ಮಾಡುತ್ತಿದ್ದರಂತೆ. ಮರುದಿನ ಬೆಳಗ್ಗೆ ಗೋಡೆ ತುಂಬ ಇರುವೆ. ಎರಡನೇ ಸಲಕ್ಕೆ ಬೆಲ್ಲ ಬಿಟ್ಟೆವು.

ಗೋಡೆಯನ್ನು ಚೆನ್ನಾಗಿ ನೆನೆಸಿ, ಅರ್ಧ ಇಂಚಿಗಿಂತ ತೆಳ್ಳಗೆ ಒಂದು ಕೋಟ್. ನಾನು ಮೊದಲು ಸಾರಿದ ಭಾಗ, ಕಿಟಕಿಯ ಪಕ್ಕ ಸುಮಾರು ಒಂದು ಚಾಪೆಯಷ್ಟು, ಸಂಜೆಯೊಳಗೆ ಜೇಡರ ಬಲೆಯ ಹಾಗೆ ಬಿರಿಯಿತು. ಏಪ್ರಿಲ್ ಬಿಸಿಲು, ಪಡುಗಾಳಿ, ಕಿಟಕಿ ತೆರೆದೇ ಇತ್ತು, ಇನ್ನೇನಾಗುತ್ತದೆ? ಸಿಮೆಂಟ್ ಒಂದು ದಿನಕ್ಕೆ ಬಿಗಿದುಕೊಳ್ಳುತ್ತದೆ, ಸುಣ್ಣ ಹಾಗಲ್ಲ, ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗಬೇಕು, ಮತ್ತು ಅದಕ್ಕೆ ಪಸೆ ಬೇಕೇ ಬೇಕು. ಮೇಸ್ತ್ರಿ ಕುರ್ಚಿಯಲ್ಲಿ ಕೂತಲ್ಲಿಂದಲೇ "ಕಿತ್ತು ಹಾಕಿ" ಅಂದರು. ಕಿತ್ತು ಮತ್ತೆ ಸಾರಿ, ಕಿಟಕಿ ಮುಚ್ಚಿ, ಹಗ್ಗ ಕಟ್ಟಿ ಗೋಡೆಯ ಮುಂದೆ ಒದ್ದೆ ಗೋಣಿ ಇಳಿಬಿಟ್ಟೆವು. ಒಂದು ವಾರ ದಿನಕ್ಕೆ ಮೂರು ಸಲ ಗೋಣಿಗೆ ನೀರು. ಹೆಬ್ಬೆರಳಲ್ಲಿ ಒತ್ತಿದರೆ ಗುರುತು ಬೀಳಬಾರದು, ಉಗುರಲ್ಲಿ ಗೀರಿದರೆ ಮಾತ್ರ ಬೀಳಬೇಕು, ಆಗ ಎರಡನೇ ಕೋಟ್. ಇದನ್ನು ಎಷ್ಟು ಓದಿದರೂ ಗೊತ್ತಾಗುವುದಿಲ್ಲ, ಮೇಸ್ತ್ರಿ ನನ್ನ ಹೆಬ್ಬೆರಳು ಹಿಡಿದು ಒತ್ತಿ ತೋರಿಸಿದ ಮೇಲೇ ಗೊತ್ತಾದದ್ದು.

ಮೇ ಕೊನೆಯ ವಾರ ಬರೀ ಸುಣ್ಣದ ನೀರು, ಹಾಲಿಗಿಂತ ತೆಳ್ಳಗೆ, ನಾಲ್ಕು ಸಲ. ಬಳಿಯುವಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೇ ಬೆಳ್ಳಗಾಗುವುದು. ಅಮ್ಮ ತೋಟದ ಬದಿಯ ಕೇದಗೆಯ ಬಿಳಲು ಕಡಿದು ಜಜ್ಜಿ ಕುಂಚ ಮಾಡಿಕೊಟ್ಟರು. ಅಡಿಕೆಯ ಜಗಳ ಅಲ್ಲಿಗೆ ಮುಗಿಯಿತು ಅಂತ ಅಂದುಕೊಂಡೆ.

ಮರದ ಕೆಲಸ ಗಂಡನದ್ದು. ಬಾಗಿಲು, ದಾರಂದಗಳಿಗೆ ಯಾರೋ ಹಸಿರು ಎನಾಮಲ್ ಬಳಿದಿದ್ದರು, ಕೆಳಗೆ ಇನ್ನೂ ಎರಡು ಬಣ್ಣ. ಹಳೆಯ ಎನಾಮಲ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಹಾಗಾಗಿ ಒಣ ಮರಳುಕಾಗದ ಉಜ್ಜಿ ದೂಳು ಎಬ್ಬಿಸಲಿಲ್ಲ. ಒದ್ದೆ ಮಾಡಿ ಹೆರೆದು, ಹೆರೆದದ್ದನ್ನೆಲ್ಲ ಪೇಪರಿನಲ್ಲಿ ಕಟ್ಟಿದೆವು. ಆಮೇಲೆ ಮಾಡಿನ ಪಕ್ಕಾಸು, ರೀಪುಗಳಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಗೆದ್ದಲು ಹತ್ತಿರ ಬರುವುದಿಲ್ಲ, ಆದರೆ ಮೈಗೆ ತಾಗಿದರೆ ಸುಡುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಅದರ ಮೇಲೆ ಗ್ಲೌಸ್ ಹಾಕಿಕೊಂಡಿದ್ದರೂ ಅವರ ಮೊಣಕೈ ಹತ್ತಿರ ಒಂದು ಹನಿ ಬಿದ್ದು, ಎರಡು ವಾರ ಕಪ್ಪು ಗುರುತು ಹೋಗಲಿಲ್ಲ.

ಮಾಡಿನ ಒಡೆದ ಹಂಚು ಬದಲಾಯಿಸಿದ್ದು ಎರಡೇ ದಿನದ ಕೆಲಸ. ಒಂದು ಮಾತ್ರ ಹೇಳುತ್ತೇನೆ: ಹಳೆಯ ಮನೆ ಕೆಡವಿದಲ್ಲಿಂದ ಹಂಚು ತರುವಾಗ ನಿಮ್ಮ ಮನೆಯ ಒಂದು ಹಂಚನ್ನು ಜೊತೆಗೆ ಒಯ್ಯಿರಿ. ಒಂದು ಫ್ಯಾಕ್ಟರಿಯ ಹಂಚಿನ ತೋಡು ಇನ್ನೊಂದಕ್ಕೆ ಕೂರುವುದಿಲ್ಲ. ನಾವು ಮೊದಲು ತಂದ ನಲವತ್ತು ಹಂಚು ಈಗ ಬಾವಿಕಟ್ಟೆಯ ಹತ್ತಿರ ಇವೆ. ನಮ್ಮ ಹಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ ಹೆಸರು, 1865 ಅಂತ ಅಚ್ಚು. ಮನೆ ಅಷ್ಟು ಹಳೆಯದಾ ಅಂತ ನಾನು ಕುಣಿದಾಡಿದೆ. ಅದು ಮಂಗಳೂರಿನಲ್ಲಿ ಅವರ ಹಂಚಿನ ಫ್ಯಾಕ್ಟರಿ ಶುರುವಾದ ವರ್ಷ, ಮನೆಯದ್ದಲ್ಲ. ನಡುಕೋಣೆಯ ಮೇಲೆ ಎರಡು ಗಾಜಿನ ಹಂಚು ಹಾಕಿದೆವು. ಹಗಲು ಲೈಟ್ ಹಾಕುವುದೇ ನಿಂತಿತು.

ಸೋತದ್ದು ಕಾವಿ ನೆಲದಲ್ಲಿ. ಬಾಗಿಲ ಬುಡದಲ್ಲಿ ಬಿರುಕಿತ್ತು. ರೆಡ್ ಆಕ್ಸೈಡ್ ಪುಡಿ, ಸಿಮೆಂಟ್ ಕಲಸಿ ತೇಪೆ ಹಾಕಿದೆ. ಹಸಿ ಇದ್ದಾಗ ಬಣ್ಣ ಸರಿಯಾಗೇ ಕಂಡಿತು. ಒಣಗಿದ ಮೇಲೆ ನೆಲ ಕುಂಕುಮ, ತೇಪೆ ಇಟ್ಟಿಗೆ. ಎಂಬತ್ತು ವರ್ಷ ಜನ ಓಡಾಡಿ ಬಂದ ಬಣ್ಣ ಡಬ್ಬಿಯಲ್ಲಿ ಸಿಗುತ್ತದಾ? ತೆಂಗಿನೆಣ್ಣೆ ಹಾಕಿ ಬಟ್ಟೆಯಲ್ಲಿ ಉಜ್ಜಿದರೆ ಸ್ವಲ್ಪ ಹೊಂದುತ್ತದೆ. ಅದರ ಮೇಲೆ ಕಾಲೊರಸು ಹಾಕಿದ್ದೇನೆ. ಮೊದಲು ನೆಲದ ಕಲೆ ತೆಗೆಯಲು ಬಾತ್‌ರೂಮಿನ ಆಸಿಡ್ ಹಾಕಲು ಹೊರಟಿದ್ದೆ, ಅದು ನೆಲವನ್ನೇ ತಿನ್ನುತ್ತದೆ. ಮಗಳು ಬಾಟಲಿ ಬಚ್ಚಿಟ್ಟು ಉಳಿಸಿದಳು.

ಎಲ್ಲ ಸೇರಿ ಖರ್ಚಾದದ್ದು 58 ಸಾವಿರ. ಮೇಸ್ತ್ರಿ ದುಡ್ಡು ತೆಗೆದುಕೊಳ್ಳಲಿಲ್ಲ. ವಿಷುವಿಗೆ ಮುಂಡು, ಶಾಲು ಕೊಟ್ಟು ನಮಸ್ಕಾರ ಮಾಡಿದೆವು.

ಇದನ್ನು ಬರೆಯುತ್ತಿರುವುದು ಆಟಿಯ ಕೊನೆಯಲ್ಲಿ. ಹೊರಗೆ ಮೂರು ದಿನದಿಂದ ಬಿಟ್ಟೂಬಿಡದೆ ಮಳೆ. ಗೋಡೆ ಬುಡದಲ್ಲಿ ಒಂದು ಗೇಣು ಎತ್ತರಕ್ಕೆ ಸ್ವಲ್ಪ ಮಬ್ಬಾಗುತ್ತದೆ, ಎರಡು ದಿನ ಬಿಸಿಲು ಬಂದರೆ ಮತ್ತೆ ಬೆಳ್ಳಗಾಗುತ್ತದೆ. ಗುಳ್ಳೆ ಇಲ್ಲ. ಒರಗಿ ಕೂತರೆ ಬೆನ್ನಿಗೆ ಬಿಳಿ ಹತ್ತುತ್ತದೆ, ಅದಕ್ಕೆ ಅಮ್ಮನ ಬೈಗುಳ ದಿನಾ ಇದೆ. ಅಡುಗೆಮನೆಯ ಗೋಡೆಗೆ ಇನ್ನೂ ಅಪ್ಪನ ಕಾಲದ ಸಿಮೆಂಟೇ. ಉಳಿದ ಸುಣ್ಣ ಡ್ರಮ್ಮಿನಲ್ಲಿ ನೀರಿನಡಿ ಇದೆ, ಮುಂದಿನ ಏಪ್ರಿಲ್‌ಗೆ.