ಹಾಸನ–ಚಿಕ್ಕಮಗಳೂರಿನಲ್ಲಿ ಗಾಳ ಹಾಕಲು ಜಾಗ ಹುಡುಕುವುದು: ಊರ ಕೆರೆ, ಹಿನ್ನೀರು, ಎಸ್ಟೇಟ್ ಕೆರೆ

ಮಲೆನಾಡಿನಲ್ಲಿ ಶಿಕಾರಿಯ ಮಾತು ಎತ್ತಿದರೆ ಈಗಲೂ ಕೇಳುವವರಿದ್ದಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಂದೂಕು, ಉರುಳು, ಬಲೆ ಹಿಡಿದು ಕಾಡುಪ್ರಾಣಿ ಹೊಡೆಯಲು ಕಾಡಿನಲ್ಲೂ ಜಾಗವಿಲ್ಲ, ತೋಟದಲ್ಲೂ ಇಲ್ಲ. ಜಮೀನಿನವರು ಹೂಂ ಅಂದ ಮಾತ್ರಕ್ಕೆ ಮೊಲ, ಕಾಡುಕುರಿ ಹೊಡೆಯುವ ಹಕ್ಕು ಯಾರಿಗೂ ಬರುವುದಿಲ್ಲ. ಕಾಯುವ, ಹೊಂಚುವ, ಜಾಗ ಓದುವ ಆಸೆ ಇದ್ದವರಿಗೆ ಉಳಿದಿರುವ ನೇರ ದಾರಿ ಗಾಳ. ಅದಕ್ಕೂ ನೀರು ಕಂಡಲ್ಲೆಲ್ಲ ಕೂರುವಂತಿಲ್ಲ. ಹೊರಡುವ ಮೊದಲು ಮೂರು ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೈಯಲ್ಲಿರಬೇಕು: ನೆಲ ಯಾರದು, ನೀರು ಯಾರದು, ಮೀನು ಯಾರದು. ಜಗಳ ಆಗುವುದೆಲ್ಲ ಮೂರನೆಯದನ್ನು ಕೇಳದೆ ಹೋದಾಗ.

ಮೀನು ಯಾರದು

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಊರ ಕೆರೆಯನ್ನೇ ತೆಗೆದುಕೊಳ್ಳಿ. ನೆಲ ಸರ್ಕಾರದ್ದು, ನೀರಿನ ಮೇಲೆ ಅಚ್ಚುಕಟ್ಟಿನ ರೈತರ ಹಕ್ಕು, ಮೀನು ಮಾತ್ರ ಗುತ್ತಿಗೆ ಹಿಡಿದವರದು. ಕೆರೆ ತುಂಬಿದ ಮೇಲೆ ಗುತ್ತಿಗೆದಾರರು ಅಥವಾ ಮೀನುಗಾರರ ಸಹಕಾರ ಸಂಘದವರು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮರಿಗಳನ್ನು ದುಡ್ಡು ಕೊಟ್ಟು ತಂದು ಬಿಟ್ಟಿರುತ್ತಾರೆ. ನಿಮ್ಮ ಗಾಳಕ್ಕೆ ಬಿದ್ದ ಒಂದು ಕೆಜಿ ಕಾಟ್ಲಾ ಅವರ ಬಂಡವಾಳ. ಆದ್ದರಿಂದ ಮೊದಲು ಹೋಗಬೇಕಾದದ್ದು ಕೆರೆ ಏರಿಗಲ್ಲ, ಕಚೇರಿಗೆ. ಸಣ್ಣ ಕೆರೆಯಾದರೆ ಗ್ರಾಮ ಪಂಚಾಯಿತಿಯ ಪಿಡಿಒ, ದೊಡ್ಡ ಕೆರೆ ಮತ್ತು ಜಲಾಶಯವಾದರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿ. ಈ ವರ್ಷ ಗುತ್ತಿಗೆ ಯಾರಿಗೆ ಆಗಿದೆ, ಮರಿ ಬಿಟ್ಟದ್ದು ಯಾವಾಗ, ಕೈಗಾಳಕ್ಕೆ ಬಿಡುತ್ತಾರಾ, ಮಳೆಗಾಲದ ನಿಷೇಧದ ಆದೇಶ ಜಾರಿಯಲ್ಲಿದೆಯಾ ಎಂದು ಕೇಳಿ. ಆಮೇಲೆ ಗುತ್ತಿಗೆದಾರರನ್ನೇ ಕಂಡು ಮಾತಾಡಿ. ಸಿಕ್ಕ ಮೀನಿಗೆ ಕೆಜಿ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ ಅಂದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಗುತ್ತಿಗೆ ಆಗದ ವರ್ಷ ಕೆರೆ ಬಿಟ್ಟಿ ಎಂದು ತಿಳಿಯಬೇಡಿ. ಹಕ್ಕು ಪಂಚಾಯಿತಿ ಅಥವಾ ಮೀನುಗಾರಿಕೆ ಇಲಾಖೆಯಲ್ಲೇ ಉಳಿದಿರುತ್ತದೆ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಕೆರೆ ಕೋಡಿ ಬಿದ್ದದ್ದು ಯಾವಾಗ? ಸಕಲೇಶಪುರದ ಮಳೆಗೂ ಅರಸೀಕೆರೆಯ ಮಳೆಗೂ ಹೋಲಿಕೆಯೇ ಇಲ್ಲ. ಬಯಲು ಸೀಮೆಯ ಕೆರೆ ಹೋದ ವರ್ಷ ಪೂರ್ತಿ ಬತ್ತಿದ್ದರೆ ಈಗ ತುಂಬಿ ತುಳುಕುತ್ತಿದ್ದರೂ ಅದರಲ್ಲಿ ಬೆರಳುದ್ದದ ಮರಿಯಷ್ಟೇ. ಬಿತ್ತನೆಯಾಗಿ ವರ್ಷ ತುಂಬದ ಕೆರೆಗೆ ಗಾತ್ರದ ಮೀನಿಗಾಗಿ ಹೋಗುವುದು ದಂಡ.

ಹೋಗಲೇಬಾರದ ಜಾಗಗಳೂ ಇವೆ. ಶೃಂಗೇರಿ ಮಠದ ಬಳಿಯ ತುಂಗೆಯ ಮೀನು, ರಾಮನಾಥಪುರದ ಕಾವೇರಿಯ ಮೀನು ದೇವರ ಮೀನು, ಅವಕ್ಕೆ ಗಾಳ ತೋರಿಸುವಂತಿಲ್ಲ. ಹಿರೇಕೊಳಲೆ ಕೆರೆಯ ನೀರು ಚಿಕ್ಕಮಗಳೂರಿನ ನಲ್ಲಿಗೆ ಹೋಗುತ್ತದೆ. ಅಂಥ ಕುಡಿಯುವ ನೀರಿನ ಕೆರೆಗಳನ್ನು ಬಿಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಮತ್ತು ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗೆ ಮೀನು ಹಿಡಿಯುವುದು ಹಾಗಿರಲಿ, ಅಪ್ಪಣೆ ಇಲ್ಲದೆ ಕಾಲಿಡುವುದೇ ಅಪರಾಧ. ಭದ್ರಾ ಅಣೆಕಟ್ಟಿನ ಲಕ್ಕವಳ್ಳಿ ಹಿನ್ನೀರಿನ ದೊಡ್ಡ ಭಾಗ ಆ ಕಾಡಿಗೇ ಅಂಟಿಕೊಂಡಿದೆ. ನೀರಿನ ಮೇಲೆ ಗಡಿ ಕಾಣುವುದಿಲ್ಲವಾದ್ದರಿಂದ ಅಲ್ಲಿ ಹೊರಡುವ ಮೊದಲು ವಲಯ ಅರಣ್ಯ ಕಚೇರಿಯಲ್ಲೇ ಕೇಳಿ ದಡ ಗೊತ್ತುಮಾಡಿಕೊಳ್ಳಿ. ಬೇಸಿಗೆಯಲ್ಲಿ ಆ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ; ಅಲ್ಲಿ ಹೆಜ್ಜೆಯೂ ಬೇಡ. ಅಣೆಕಟ್ಟಿನ ಕೆಳಗಿನ ಮಡು ಎಷ್ಟೇ ಮೀನು ತುಂಬಿದ್ದರೂ ಬೇಡ. ಗೇಟು ತೆಗೆದರೆ ಬಂಡೆಯ ಮೇಲಿಂದ ದಡಕ್ಕೆ ಓಡಿಬರಲು ಸಮಯ ಸಿಗುವುದಿಲ್ಲ.

ದಿಶಾಂಕ್ ಮತ್ತು ಪಹಣಿ

ಜಾಗದ ಒಡೆತನ ತಿಳಿಯಲು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್‌ನಿಂದ ಶುರು ಮಾಡಿ. ಮನೆಯಲ್ಲೇ ಕೂತು ನಕ್ಷೆಯಲ್ಲಿ ನೀರಿನ ಅಂಚಿಗೆ ಬೆರಳಿಟ್ಟರೆ ಊರು, ಹೋಬಳಿ, ಸರ್ವೆ ನಂಬರ್ ಬರುತ್ತದೆ. ಆ ನಂಬರ್ ಹಿಡಿದು ಭೂಮಿ ಜಾಲತಾಣದಲ್ಲಿ ಪಹಣಿ ತೆಗೆಯಿರಿ. ಒಂಬತ್ತನೇ ಕಾಲಂನಲ್ಲಿ ಸರ್ಕಾರಿ ಕೆರೆ ಎಂದಿದ್ದರೆ ಸಾರ್ವಜನಿಕ. ವ್ಯಕ್ತಿಯ ಹೆಸರಿದ್ದರೆ ಖಾಸಗಿ. ನಡುವೆ ತಲೆ ಕೆಡಿಸುವುದು ಖರಾಬು. ‘ಅ’ ಖರಾಬು ಹಿಡುವಳಿದಾರರ ಜಮೀನಿನೊಳಗೆ ಸೇರಿದ, ಉಳಲು ಬಾರದ ನೆಲ. ‘ಬ’ ಖರಾಬು ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಯದು. ಕಾಫಿ ತೋಟದ ನಡುವೆ ಹರಿಯುವ ಹಳ್ಳ ಎಷ್ಟೋ ಕಡೆ ‘ಬ’ ಖರಾಬು. ಆದರೆ ಅಲ್ಲಿಗೆ ಹೋಗುವ ದಾರಿ ತೋಟದವರದು. ಹಳ್ಳ ಸಾರ್ವಜನಿಕ ಎಂದು ವಾದ ಮಾಡುತ್ತ ಗೇಟು ದಾಟಿದರೆ ಅತಿಕ್ರಮ ಪ್ರವೇಶವೇ ಆಗುತ್ತದೆ. ನಕ್ಷೆಯ ಗೆರೆ ಕೆಲವು ಮೀಟರ್ ಆಚೀಚೆ ಇರುವುದೂ ಉಂಟು. ಗಡಿಯಲ್ಲಿ ಅನುಮಾನ ಬಂದರೆ ಇಬ್ಬರನ್ನೂ ಕೇಳಿ.

ಗೊರೂರಿನ ಹೇಮಾವತಿ, ಬೇಲೂರಿನ ಯಗಚಿ ಹಿನ್ನೀರಿನಲ್ಲಿ ಮುಳುಗಡೆ ನೆಲ ನೀರಾವರಿಯವರ ವಶದಲ್ಲಿದೆ. ಆದರೂ ನೀರು ಇಳಿದಂತೆ ಅಕ್ಕಪಕ್ಕದ ರೈತರು ಅದೇ ನೆಲದಲ್ಲಿ ಬೆಳೆ ಇಡುತ್ತಾರೆ. ಕಾಗದದಲ್ಲಿ ಯಾರದೇ ಆಗಿರಲಿ, ಪೈರು ತುಳಿದು ನೀರಿಗೆ ಇಳಿಯಬೇಡಿ, ಬದುವಿನ ಮೇಲೆ ಹೋಗಿ.

ಜಾಗ ಸಿಗುವುದು ಬೇಸಿಗೆಯಲ್ಲಿ

ಅಕ್ಟೋಬರ್‌ನಲ್ಲಿ ತುಂಬಿದ ನೀರಿನ ಮುಂದೆ ನಿಂತರೆ ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ. ಮೀನು ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದು ನೀರಿನಡಿಯ ನೆಲ, ಅದು ಕಾಣುವುದು ಏಪ್ರಿಲ್–ಮೇನಲ್ಲಿ. ಈ ಎರಡು ತಿಂಗಳಲ್ಲಿ ಕೋಲು ಮನೆಯಲ್ಲಿಟ್ಟು ಬರಿ ಫೋನ್ ಹಿಡಿದು ಕೆರೆ ಅಂಗಳ ಸುತ್ತಿ ಬನ್ನಿ. ಹಳ್ಳ ಕೆರೆಗೆ ಸೇರುವ ಬಾಯಿಂದ ತೂಬಿನವರೆಗೆ ಹಳೆ ಹಳ್ಳದ ಗೆರೆ ಕಾಣುತ್ತದೆ. ನೀರು ಏರಿದಾಗ ಗೆಂಡೆ, ಮೃಗಾಲ್ ತಿರುಗಾಡುವುದು ಅದರ ಅಂಚಿನಲ್ಲೇ. ಮುಳುಗುವ ಮರದ ಬೊಡ್ಡೆ, ಹಳೆ ರಸ್ತೆಯ ಮೋರಿ, ಕಲ್ಲುಗೋಡೆ ಎಲ್ಲದಕ್ಕೂ ನಕ್ಷೆಯಲ್ಲಿ ಪಿನ್ ಹಾಕಿ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಸುತ್ತಮುತ್ತ ಮುಳುಗಿದ ಊರುಗಳ ಗುರುತು ನೀರು ಇಳಿದಾಗ ಬಯಲಾಗುತ್ತದೆ. ಹಾಗೇ ಜೆಸಿಬಿಯಲ್ಲಿ ಮಣ್ಣು ತೆಗೆದ ಗುಂಡಿಗಳನ್ನೂ ತಪ್ಪದೆ ಗುರುತು ಹಾಕಿ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಒಂದೇ ಹೆಜ್ಜೆಗೆ ಆಳಕ್ಕೆ ಹೋಗುವುದು ಇವುಗಳಿಂದಲೇ.

ಹಿನ್ನೀರಿಗೆ ಒಂದು ಲೆಕ್ಕ ತುಂಬ ಕೆಲಸಕ್ಕೆ ಬರುತ್ತದೆ. ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ, ಆ ದಿನದ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. ನೀರಿನ ಅಂಚಿಗೆ ಸರಿಯಾಗಿ ಒಂದು ಬೊಡ್ಡೆ ಕಂಡಿರಿ, ಅಂದು ಮಟ್ಟ 2895 ಅಡಿ ಇತ್ತು ಎಂದುಕೊಳ್ಳಿ. ಪಿನ್‌ನ ಹೆಸರಲ್ಲೇ ‘2895 ಬೊಡ್ಡೆ’ ಎಂದು ಬರೆದಿಡಿ. ನವೆಂಬರ್‌ನಲ್ಲಿ ಮಟ್ಟ 2910 ಇದ್ದರೆ ಆ ಬೊಡ್ಡೆಯ ಬುಡದಲ್ಲಿ 15 ಅಡಿ ನೀರು. ಯಂತ್ರವಿಲ್ಲದೆ ಆಳ ಗೊತ್ತಾಯಿತು. ಹೋಗಲು ಆಗದವರು ಕಂಪ್ಯೂಟರ್‌ನಲ್ಲಿ ಗೂಗಲ್ ಅರ್ಥ್ ತೆರೆದು ಹಳೆಯ ಚಿತ್ರಗಳಲ್ಲಿ ಮಾರ್ಚ್–ಮೇ ತಿಂಗಳದ್ದನ್ನು ಹುಡುಕಬಹುದು.

ಬೇಸಿಗೆ ತಪ್ಪಿಹೋಗಿದ್ದರೆ ಸೀಸದಿಂದ ತಳ ಓದಿ. ಗಾಳ ಕಟ್ಟದೆ ದಾರಕ್ಕೆ 20–30 ಗ್ರಾಂ ಸೀಸ ಮಾತ್ರ ಕಟ್ಟಿ ಎಸೆದು, ತಳ ಮುಟ್ಟಿದ ಮೇಲೆ ನಿಧಾನ ಎಳೆಯಿರಿ. ಟಕ್ ಟಕ್ ಎಂದು ಕೈಗೆ ಬಡಿದರೆ ಜಲ್ಲಿ, ಗಟ್ಟಿ ನೆಲ. ಅಂಟಿಕೊಂಡು ಭಾರವಾಗಿ ಬಂದರೆ ಹೂಳು. ಎಳೆದು ಬಿಟ್ಟು ಎಳೆದು ಬಿಟ್ಟು ಬಂದರೆ ಜೊಂಡು. ಗಟ್ಟಿ ನೆಲ ಮುಗಿದು ಹೂಳು ಶುರುವಾಗುವ ಗೆರೆಯೇ ಬೇಕಾದ ಜಾಗ. ಹೂಳಿನ ನಡುವೆ ಹಾಕಿದ ಎರೆ ಒಳಗೆ ಹೂತು ಹೋಗಿ ಮೀನಿನ ಕಣ್ಣಿಗೇ ಬೀಳುವುದಿಲ್ಲ. ಎಷ್ಟೋ ಜನ ಇಡೀ ದಿನ ಹಾಗೇ ಕೂತು, ಕೆರೆಯಲ್ಲಿ ಮೀನಿಲ್ಲ ಎಂದುಕೊಂಡು ಎದ್ದು ಹೋಗುತ್ತಾರೆ.

ದಡದ ಗುರುತುಗಳು ಇನ್ನೂ ಹತ್ತಿರದವು. ತಿಳಿ ನೀರಿನಲ್ಲಿ ತಟ್ಟೆಯಗಲದ ದುಂಡು ಕುಳಿಗಳು ಸಾಲಾಗಿ ಕಂಡರೆ ಜಿಲೇಬಿ ಮೀನು (ತಿಲಾಪಿಯಾ) ಗೂಡು ಮಾಡಿದೆ. ಸಣ್ಣ ಗುಳ್ಳೆಗಳು ಸಾಲಾಗಿ ಮುಂದಕ್ಕೆ ಸರಿಯುತ್ತಾ ಹಿಂದೆ ಕೆಸರು ಎದ್ದರೆ ಗೆಂಡೆ ತಳ ಕೆದಕುತ್ತಿದೆ. ಜೊಂಡಿನ ಪಕ್ಕ ಗುಳುಕ್ ಎಂದು ಒಂದು ಬಾಯಿ ಗಾಳಿ ಎಳೆದು ಮುಳುಗಿದರೆ ಕೊರವ ಮೀನು. ಅದರ ಬಳಿ ನೀರಿನ ಮೇಲ್ಪದರದಲ್ಲಿ ಕೆಂಪು–ಕಿತ್ತಳೆ ಬಣ್ಣದ ಮರಿಗಳ ಗುಂಪು ಒಟ್ಟೊಟ್ಟಿಗೆ ಕುದಿಯುವಂತೆ ಕಂಡರೆ ಎರೆ ಎತ್ತಿಬಿಡಿ. ಅಪ್ಪ–ಅಮ್ಮ ಕೆಳಗೇ ಕಾವಲಿರುತ್ತವೆ, ಏನು ಹಾಕಿದರೂ ಮೈಮೇಲೆ ಬಂದು ಕಚ್ಚುತ್ತವೆ. ಅವನ್ನು ಹಿಡಿದರೆ ಗಂಟೆಯೊಳಗೆ ಬೇರೆ ಮೀನುಗಳು ಆ ಮರಿಗಳನ್ನು ಮುಗಿಸುತ್ತವೆ. ಮುಂಗಾರಿನ ಮೊದಲ ನೀರಿಗೆ ಗದ್ದೆ, ತೊರೆ ಹತ್ತುವ ಹತ್ತುಮೀನೂ ಹಾಗೇ, ಹೊಟ್ಟೆ ತುಂಬ ತತ್ತಿ ಇರುತ್ತದೆ. ಮಲೆನಾಡಿನ ರೂಢಿ ಏನೇ ಇರಲಿ, ಅದನ್ನು ಬಿಟ್ಟುಬಿಡಿ.

ಗಾಳಿ ಬೀಸಿ ಬಡಿಯುವ ದಡಕ್ಕೆ ಹುಳುಹುಪ್ಪಟೆ, ಪಾಚಿ ಸೇರುತ್ತದೆ, ಮೀನೂ ಅಲ್ಲೇ. ನೈಋತ್ಯದ ಗಾಳಿಯ ತಿಂಗಳುಗಳಲ್ಲಿ ಪೂರ್ವ, ಈಶಾನ್ಯ ದಡ ಮೊದಲು ನೋಡಿ.

ಎಸ್ಟೇಟ್ ಕೆರೆ, ಕೃಷಿ ಹೊಂಡ

ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆಯ ತೋಟದ ಕೆರೆಗಳಲ್ಲಿ ಗಾಳ ಹಾಕುವವರು ಕಡಿಮೆ, ಮೀನು ಚೆನ್ನಾಗಿರುತ್ತದೆ. ಅನುಮತಿ ಸಿಗುವುದು ಕೇಳುವ ರೀತಿಯ ಮೇಲೆ. ಕೋಲು, ಚೀಲ ಹೊತ್ತು ಗೇಟಿಗೆ ಹೋಗಬೇಡಿ; ಮೊದಲ ಸಲ ಬರಿಗೈಲಿ ಹೋಗಿ. ಕಾಫಿ ಕೊಯ್ಲಿನ ತಿಂಗಳು ಬಿಟ್ಟು, ಅಂದರೆ ನವೆಂಬರ್‌ನಿಂದ ಫೆಬ್ರವರಿ ಬಿಟ್ಟು ಕೇಳಿ. ಆಗ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಹೊಸ ಮುಖ ಕಂಡರೆ ಕಾಫಿ ಕಳ್ಳತನದ ಅನುಮಾನವೂ ಇರುತ್ತದೆ. ತೋಟದ ಕೆಲಸ ನೋಡಿಕೊಳ್ಳುವ ರೈಟರು ಒಪ್ಪಿದರೆ ಸಾಲದು, ಮಾಲೀಕರ ಒಪ್ಪಿಗೆ ವಾಟ್ಸಾಪ್‌ನಲ್ಲಿ ಬರಹದಲ್ಲಿರಲಿ. ಸಂದೇಶ ಹೀಗಿದ್ದರೆ ಸಾಕು:

“ನಮಸ್ಕಾರ ಸರ್. ಬರುವ ಭಾನುವಾರ ಬೆಳಗ್ಗೆ 7.30ರಿಂದ 11ರವರೆಗೆ ನಿಮ್ಮ ಕೆಳಗಿನ ಕೆರೆಯಲ್ಲಿ ಇಬ್ಬರು ಗಾಳ ಹಾಕಬಹುದೇ? ಒಂದು ಬೈಕ್, ನಂಬರ್ ಕೆಳಗಿದೆ. ಜಿಲೇಬಿ ಮಾತ್ರ ಹಿಡಿಯುತ್ತೇವೆ, ಬೇರೆ ಮೀನು ಬಿದ್ದರೆ ವಾಪಸ್ ಬಿಡುತ್ತೇವೆ. ಬಲೆ, ಬೆಂಕಿ, ಮದ್ಯ ಇರುವುದಿಲ್ಲ. ಹೊರಡುವಾಗ ರೈಟರಿಗೆ ಹೇಳಿ ಹೋಗುತ್ತೇವೆ.”

ಜಿಲೇಬಿ ಎಂದು ಬರೆಯಲು ಕಾರಣವಿದೆ. ಅದು ಬೇಗ ಮರಿ ಹಾಕಿ ಕೆರೆ ತುಂಬುತ್ತದೆ, ಸಾಕಿದ ಕಾಟ್ಲಾ–ರೋಹುವಿನ ಮೇವು ತಿನ್ನುತ್ತದೆ. ಅದು ಕಡಿಮೆಯಾದರೆ ತೋಟದವರಿಗೂ ಅನುಕೂಲ, ಒಪ್ಪಿಗೆಯೂ ಬೇಗ ಸಿಗುತ್ತದೆ.

ಒಳಗೆ ಹೋದ ಮೇಲೆ ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರು ಬಟ್ಟೆ ಒಗೆಯುವ, ಸ್ನಾನ ಮಾಡುವ ಕಡೆ ಕೂರಬೇಡಿ. ಪಂಪಿಗೆ ನೀರೆಳೆಯುವ ಫುಟ್‌ವಾಲ್ವ್ ಇರುವಲ್ಲಿ ಗಾಳ ಎಸೆಯಬೇಡಿ; ಸಿಕ್ಕಿಕೊಂಡರೆ ಜಾಲರಿ ಹರಿದು ನೀರಾವರಿಯೇ ನಿಲ್ಲಬಹುದು. ಐಬೆಕ್ಸ್ ಬೇಲಿ (ವಿದ್ಯುತ್ ಹರಿಯುವ ತಂತಿಬೇಲಿ) ಮತ್ತು ಮೇಲಿನ ವಿದ್ಯುತ್ ತಂತಿ ಇದ್ದಲ್ಲಿ ಕೋಲನ್ನು ಮಡಿಸಿಯೇ ನಡೆಯಿರಿ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ.

ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡ ಬೇರೆಯೇ ಅಪಾಯ. ಪಾಚಿ ಹಿಡಿದ ಹಾಳೆಯ ಇಳಿಜಾರಿನಲ್ಲಿ ಜಾರಿದವರಿಗೆ ಕೈಗೆ ಹಿಡಿತವೇ ಸಿಗುವುದಿಲ್ಲ, ಈಜು ಬಂದರೂ ಮೇಲೆ ಬರಲಾಗದೆ ಸಾಯುತ್ತಾರೆ. ಬೇಲಿಯ ಗೂಟಕ್ಕೋ ಮರಕ್ಕೋ ಕಟ್ಟಿದ ಹಗ್ಗ ನೀರಿನವರೆಗೆ ಬಿಟ್ಟಿರದಿದ್ದರೆ ಅಲ್ಲಿ ಗಾಳ ಬೇಡ. ಗಾಳದ ಮೊನೆ ತಾಗಿ ಹಾಳೆ ಹರಿದರೆ ರೈತರ ಇಡೀ ಹೊಂಡ ಸೋರುತ್ತದೆ. ತಳಕ್ಕೆ ಬಿಡದೆ ಬೆಂಡು ಕಟ್ಟಿ ನಡುನೀರಿನಲ್ಲೇ ಆಡಿಸಿ.

ಎಂದು ಹೋಗಬಾರದು

ಡಿಸೆಂಬರ್–ಫೆಬ್ರವರಿಯಲ್ಲಿ ಹಳ್ಳದ ನೀರು ಕಪ್ಪಾಗಿ ಹುಳಿ ನಾತ ಬಂದರೆ ಮೇಲೆಲ್ಲೋ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರು ಸೇರಿದೆ. ಆ ನೀರಿನಲ್ಲಿ ಆಮ್ಲಜನಕ ಇರುವುದಿಲ್ಲ, ಮೀನು ಮೇಲ್ಗಡೆಯ ಶುದ್ಧ ಉಪಹಳ್ಳಕ್ಕೆ ಸರಿದಿರುತ್ತದೆ ಅಥವಾ ಸತ್ತಿರುತ್ತದೆ. ತೋಟಕ್ಕೆ ಮೈಲುತುತ್ತು–ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿದ ಬೆನ್ನಲ್ಲೇ ಮಳೆ ಬಂದರೂ ಕೆಳಗಿನ ಕೆರೆ ಕೆಲವು ದಿನ ಬಿಡಿ, ತಾಮ್ರ ಮೀನಿಗೆ ವಿಷ. ಬೇಸಿಗೆಯ ಬೆಳಗಿನ ಜಾವ ಹಸಿರುಗಟ್ಟಿದ ಕೆರೆಯಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಮೇಯುತ್ತಿಲ್ಲ, ಉಸಿರು ಕಟ್ಟಿದೆ, ಒಡೆಯರಿಗೆ ತಿಳಿಸಿ.

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆಯದ್ದೇ ಮೊದಲ ಮಾತು. ಆನೆ ಕಾರ್ಯಪಡೆ ಮತ್ತು ಅರಣ್ಯ ಇಲಾಖೆಯವರು ವಾಟ್ಸಾಪ್ ಗುಂಪುಗಳಲ್ಲಿ ಆನೆ ಎಲ್ಲಿದೆ ಎಂದು ಹಾಕುತ್ತಾರೆ. ಆ ಊರಿನವರ ಮೂಲಕ ಹಿಂದಿನ ರಾತ್ರಿ, ಹೊರಡುವ ಮುಂಚೆ ಎರಡೂ ಹೊತ್ತು ವಿಚಾರಿಸಿ. ಬಿಸಿಲು ಏರಿದ ಮೇಲೆ ಹೋಗಿ, ಸಂಜೆ ಐದರೊಳಗೆ ರಸ್ತೆ ಸೇರಿ. ಕೆರೆ ದಡದಲ್ಲಿ ಹಸಿ ಲದ್ದಿ, ನೀರು ಇನ್ನೂ ತುಂಬುತ್ತಿರುವ ಹೆಜ್ಜೆ ಗುರುತು ಕಂಡರೆ ಅಂದಿನ ಗಾಳ ಅಲ್ಲಿಗೆ ಮುಗಿಯಿತು. ಕೊಪ್ಪ, ಎನ್.ಆರ್.ಪುರ, ಶೃಂಗೇರಿಯ ಕಾಡಂಚಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಉಣುಗಿನ ಕಾಟ. ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ, ಒಣ ತರಗೆಲೆ ಮೇಲೆ ಕೂರದೆ, ಮನೆಗೆ ಬಂದು ಬಿಸಿನೀರಲ್ಲಿ ಮಿಂದು ಬಟ್ಟೆ ಬೇರೆ ಹಾಕಿ.

ಗಾಳಕ್ಕೆ ಆಮೆ ಸಿಕ್ಕಿದರೆ ಬಾಯಿಂದ ಎಳೆಯಬೇಡಿ. ಆಮೆಗೆ ಕಾಯ್ದೆಯ ರಕ್ಷಣೆ ಇದೆ. ಒದ್ದೆ ಬಟ್ಟೆಯಲ್ಲಿ ಹಿಡಿದು, ಮೊನೆ ಕಂಡರೆ ಕಟರಿನಿಂದ ಮುಳ್ಳು ಕತ್ತರಿಸಿ ತೆಗೆಯಿರಿ, ಗಂಟಲಲ್ಲಿದ್ದರೆ ಕೀಳಲು ಹೋಗದೆ ದಾರ ಕತ್ತರಿಸಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ತೋಟೆ ಸಿಡಿಸುವುದು, ನೀರಿಗೆ ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಅಂಥದ್ದು ಕಂಡರೆ ಹತ್ತಿರ ಹೋಗದೆ, ಜಾಗದ ಪಿನ್ ಮತ್ತು ಹೊತ್ತು ಬರೆದುಕೊಂಡು ಮೀನುಗಾರಿಕೆ ಕಚೇರಿಗೂ ಗುತ್ತಿಗೆದಾರರಿಗೂ ತಿಳಿಸಿ.